ನೂರೈವತ್ತೆರಡು ಸೆಂಟಿಮೀಟರ್

ಮಾರ್ಚ್ 6, ಬೆಳಿಗ್ಗೆ 11:50. ತೀವ್ರನಿಗಾ ಘಟಕದ ಮುಖ್ಯಸ್ಥ ಡಾ. ಪೆಂಗ್ ಬುಸುಗುಡುತ್ತ ಜಿಯಾಯಿ ನಗರದ ಠಾಣೆಗೆ ಬಂದರು. ಮೂರನೇ ಹಾಸಿಗೆಯಲ್ಲಿ ಟರ್ಕಿಕೋಳಿ ಅನ್ನ ಮಾರುವ ಫಾನ್ ಅಮ್ಮ; ನ್ಯುಮೋನಿಯಾಗೆ ಎರಡೂ ಶ್ವಾಸಕೋಶ ನೀರು ತುಂಬಿ ಗಟ್ಟಿಯಾಗಿವೆ. ಒಂದೊಂದು ಉಸಿರಿಗೆ ಆರುನೂರು ಮಿಲಿಲೀಟರ್ ಗಾಳಿ ಎಂದು ಪೆಂಗ್‌ರ ಆದೇಶ. ಯಾರೋ ವೆಂಟಿಲೇಟರಿನ ಗುಂಡಿ ತಿರುಗಿಸಿ ಇನ್ನೂರ ಎಪ್ಪತ್ತಕ್ಕೆ ಇಳಿಸಿದ್ದರು.

"ಆಯಮ್ಮ ಸತ್ರೆ ಇದು ಕೊಲೆ ಕಣ್ರೀ!"

ಇನ್ಸ್‌ಪೆಕ್ಟರ್ ಜೆನ್ ಎಫ್‌ಐಆರ್ ದಾಖಲಿಸಿ ಆಸ್ಪತ್ರೆಗೆ ಹೊರಟ.

12:40, ಪಂಚನಾಮೆ. ಯಂತ್ರದಲ್ಲಿ ಬದಲಾವಣೆಯ ಸಮಯ 9:15 ಎಂದಿತ್ತು. ಕೈ ಯಾರದೆಂದು ಇರಲಿಲ್ಲ. ಡ್ಯೂಟಿ ಡಾಕ್ಟರ್ ಗಾಳಿಯನ್ನು ಮತ್ತೆ ಏರಿಸಲು ಒಪ್ಪಿರಲಿಲ್ಲ. "ಎದೆ ಒಳಗಿನ ಒತ್ತಡ ಇಳಿದಿದೆ, ಅದು ಒಳ್ಳೇದೇ. ನಾನಂತೂ ಮುಟ್ಟಲ್ಲ," ಎಂದ.

ಯಂತ್ರದ ತಲೆಯ ಮೇಲೆ ಹಸಿರು ತಿಂಡಿಪೊಟ್ಟಣ. ಅದಿಲ್ಲದೆ ಯಂತ್ರ ಹೇಳಿದ ಮಾತು ಕೇಳುವುದಿಲ್ಲ, ಅವಧಿ ಮುಗಿದದ್ದಿಟ್ಟರೆ ತಿರುಗಿಬೀಳುತ್ತದೆ ಎಂಬ ಇಲ್ಲಿನವರ ನಂಬಿಕೆ ಜೆನ್‌ಗೂ ಗೊತ್ತು. ಠಾಣೆಯ ಕಂಪ್ಯೂಟರಿನ ಮೇಲೂ ಒಂದಿದೆ.

"ಸಾರ್, ಇದು ಹೊಸಾದು," ಎಂದ ಪೇದೆ ಆ-ಹೂಯ್.

ಹೆಡ್ ನರ್ಸ್ ಹುಬ್ಬೇರಿಸಿದಳು. "ನಿನ್ನೆ ಇದ್ದದ್ರ ಅವಧಿ ಮುಗಿದಿತ್ತು. ಯಾರು ಬದಲಾಯಿಸಿದ್ರೋ!"

ಪೊಟ್ಟಣ ಕೊಂಡದ್ದು ಯಾರೆಂದು ಕೇಳಿದರೆ ಆಸ್ಪತ್ರೆಯ ಕೆಳಗಿನ ಅಂಗಡಿಯಾಕೆ ತಡವರಿಸಲೇ ಇಲ್ಲ. "ಉಸಿರಾಟದ ಚಿಕಿತ್ಸೆ ನೋಡ್ಕೊಳ್ಳೋ ಟು ಯುವೆ-ಮೇ. ಒಂಬತ್ತಕ್ಕೆ ಬಂದಿದ್ಲು. ತಾರೀಖು ಮೂರು ಸಲ ನೋಡಿದ್ಲು, ನಾನೇನು ಹಳೇದು ಕೊಡ್ತೀನಾ?"

ಯುವೆ-ಮೇಯ ಜೇಬಲ್ಲಿ ದರ್ಜಿಯ ಅಳತೆಟೇಪು ಸಿಕ್ಕಿತು.

"ಯಂತ್ರದ ಗುಂಡಿ ತಿರುಗಿಸಿದ್ದು ನೀನೇನಾ?"

"ನಾನೇ. ದಪ್ಪಕ್ಷರದಲ್ಲಿ ಬರ್ಕೊಳ್ಳಿ."

"ಯಾಕೆ?"

"ಆಯಮ್ಮನ ತೂಕ ನೂರು ಕೆ.ಜಿ. ಅಂತ ಪೆಂಗ್ ಸಾಹೇಬ್ರು ಗಾಳಿ ಲೆಕ್ಕ ಹಾಕಿದ್ರು. ಹೊಟ್ಟೆ ಬೆಳೆದ್ರೆ ಶ್ವಾಸಕೋಶ ಬೆಳೆಯುತ್ತಾ ಸಾರ್? ಅದನ್ನ ಎತ್ತರ ನೋಡಿ ಲೆಕ್ಕ ಹಾಕ್ಬೇಕು. ಅಳೆದೆ, ನೂರೈವತ್ತೆರಡು. ಅದಕ್ಕೆ ಇನ್ನೂರ ಎಪ್ಪತ್ತೇ ಸರಿ. ಅವ್ರಿಗೆ ಮೂರು ಸಲ ಹೇಳ್ದೆ. 'ಟೇಪು ಹಿಡ್ಕೊಂಡು ಹೋಗಿ ಲಂಗ ಹೊಲಿ' ಅಂದ್ರು."

"ಕೆಲಸ ಹೋಗತ್ತೆ. ಜೈಲೂ ಆಗಬಹುದು."

"ಆಗ್ಲಿ. ಬಿಟ್ರೆ ನಾಳೆನೂ ಅಳೀತೀನಿ."

ಸಂಜೆ 4:20ಕ್ಕೆ ಬಂಧನ. ಜೆನ್ ಅವಳ ಹೇಳಿಕೆಯನ್ನು ಇನ್ನೊಮ್ಮೆ ಓದಿ ಸಹಿ ಹಾಕಿದ.

ಹದಿನಾಲ್ಕನೇ ದಿನ ಫಾನ್ ಅಮ್ಮನ ಗಂಟಲಿನ ಕೊಳವೆ ತೆಗೆದರು. ಆಕೆಯ ಮೊದಲ ಮಾತು: "ಅಂಗಡಿ ಬಾಗ್ಲು ಯಾರು ತೆಗೀತಿದಾರೆ?" ಈ ಸುದ್ದಿಯನ್ನು ಜೆನ್ ತಾನೇ ಕಡತಕ್ಕೆ ಸೇರಿಸಿದ.

ಯುವೆ-ಮೇಯ ಹೇಳಿಕೆಯ ಕೊನೆಯಲ್ಲಿ, ಅಪರಾಧಕ್ಕೆ ಪ್ರೇರಣೆ ಎಂಬಲ್ಲಿ, ಅವಳದೇ ಕೈಬರಹವಿದೆ: "ಹೋದ ಚಳಿಗಾಲ, ಏಳನೇ ಹಾಸಿಗೆ. ಎತ್ತರ ನೂರ ನಲವತ್ತೆಂಟು. ಶ್ವಾಸಕೋಶ ಒಡೆದು ತೀರಿಕೊಂಡರು. ಆವತ್ತು ನಾನು ಆದೇಶ ಪಾಲಿಸಿದ್ದೆ."