ಬಿಳಿ ಟೇಪಿನ ಮೂರು ಸುತ್ತು

ಅದು ಶುರುವಾದದ್ದು ಅಕ್ಟೋಬರಿನಲ್ಲಿ, ಗುಡ್ಡದ ಕಿತ್ತಳೆಗಳು ಹಳದಿಗೆ ತಿರುಗುವ ಕಾಲ, ಬೆಳಿಗ್ಗೆ ಎಂಟು ಗಂಟೆಗೆ. ಗ್ಯಾರೇಜಿನ ಷಟರ್ ಅರ್ಧ ಎತ್ತಿದ್ದೆ. ಮೊದಲು ಕಂಡದ್ದು ಬಿಳಿ ಶೂ, ಆಮೇಲೆ ಬಗ್ಗಿ ನೋಡಿದ ಎರಡು ಕಣ್ಣು.

ಅವಳು ಶಿಗೆನೊ, ನಮ್ಮ ನುಮಾಜು ಊರಿನ ಆಸ್ಪತ್ರೆಯಲ್ಲಿ ನರ್ಸ್. ತೀರಿಕೊಂಡ ಅಣ್ಣನ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅವಳ ಪಾಲಿಗೆ ಬಂದಿತ್ತು. ಹಿಮ ಬೀಳುವ ಮೊದಲು ಅದರಲ್ಲೇ ಜಪಾನಿನ ಉತ್ತರ ತುದಿಯ ಆವೊಮೊರಿಗೆ ಹೋಗಿ ತಾಯಿಯ ನೂಡಲ್ಸ್ ಅಂಗಡಿ ನಡೆಸಬೇಕಿತ್ತು. ಆದರೆ ಆಯಿಲ್ ಪ್ರೆಶರ್ ತೋರಿಸುವ ಮುಳ್ಳು ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ ಎಂದಳು. ಇಂಜಿನ್ ಹೋಗಿದ್ದರೆ ಕಾರು ಮಾರಲೇಬೇಕು ಎಂದಾಗ ಅವಳ ದನಿ ಸಣ್ಣದಾಯಿತು.

ನನ್ನ ಮುಂದೆ ಮುಳ್ಳು ಅಲುಗಲಿಲ್ಲ. ಮೂರು ಸಲ ಬಂದಳು, ಪ್ರತಿ ಸಲ ಒಂದು ಚೀಲ ಕಿತ್ತಳೆ ತಂದಳು. ಮೂರು ಸಲವೂ ಅದು ಸಾಧುವಿನಂತೆ ಕುಳಿತಿತ್ತು.

"ನಿಮ್ಮೆದುರಿಗೆ ಮಾತ್ರ ಒಳ್ಳೇದಾಗಿರತ್ತೆ, ಮೇಸ್ತ್ರಿಗಳೇ."

"ಕಾರಾ, ನೀವಾ?"

ಅವಳು ನಗಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ಕತೆ ಕಟ್ಟಿಕೊಂಡು ಬರುತ್ತಿದ್ದಾಳೆಂದು ನನಗೆ ಅನುಮಾನ. ಇಂಜಿನ್ ಹೋಗಿರುವುದನ್ನು ಮುಚ್ಚಿಡುತ್ತಿದ್ದೇನೆಂದು ಅವಳಿಗೆ.

ನಾಲ್ಕನೆಯ ಸಲ ಪಕ್ಕದ ಸೀಟಿನಲ್ಲಿ ಕುಳಿತು ಗುಡ್ಡ ಹತ್ತಿದೆ. ತಿರುವಿನಲ್ಲಿ ಮುಳ್ಳು ದೊಪ್ಪನೆ ಬಿತ್ತು. ಇಂಜಿನ್ ಸದ್ದು ಮಾತ್ರ ಬದಲಾಗಲಿಲ್ಲ. ಕಾರು ಇಟ್ಟು ಹೋಗಿ ಎಂದು ಅವಳನ್ನು ಕಳಿಸಿ, ಮುಳ್ಳಿಗೆ ಪ್ರೆಶರ್ ತಿಳಿಸುವ ಸೆನ್ಸರನ್ನು ಇಂಜಿನ್ನಿನಿಂದ ಬಿಚ್ಚಿ ಆ ತೂತಿಗೆ ನನ್ನ ಮೀಟರ್ ಸಿಕ್ಕಿಸಿದೆ. ಪ್ರೆಶರ್ ಗಟ್ಟಿಯಾಗಿತ್ತು. ಇಂಜಿನ್ ಚೆನ್ನಾಗಿತ್ತು.

ಆಮೇಲೆ ಸೆನ್ಸರ್ ನೋಡಿದೆ. ಅದರ ಸ್ಕ್ರೂ ಥ್ರೆಡ್ಡಿನ ಮೇಲೆ ಎಣ್ಣೆ ಸೋರದಂತೆ ಸುತ್ತುವ ಬಿಳಿ ಟೇಪು, ಮೂರು ಸುತ್ತು, ತುದಿಯನ್ನು ಮಡಚಿ ಒಳಗೆ ಸಿಕ್ಕಿಸಿದ್ದು. ಹಾಗೆ ಸಿಕ್ಕಿಸುವವನು ಆ ಊರಿನಲ್ಲಿ ನಾನೊಬ್ಬನೇ. ಗಿರಾಕಿಯ ಮನೆಯಂಗಳದಲ್ಲಿ ಒಂದು ತೊಟ್ಟು ಎಣ್ಣೆ ಬಿದ್ದರೂ ನಿನ್ನ ಮಾನ ಹೋಯಿತು ಎಂದು ನನ್ನ ಗುರು ಕಲಿಸಿದ್ದ. ಏಳು ವರ್ಷದ ಹಿಂದೆ ಅವಳ ಅಣ್ಣನ ಕಾರಿಗೆ ಅದೇ ಭಯದಿಂದ ಸುತ್ತಿದ್ದೆ. ಸೆನ್ಸರಿನ ಕರೆಂಟು ಅದರ ಕಬ್ಬಿಣ ಇಂಜಿನ್ನಿಗೆ ತಾಗುವ ಆ ಥ್ರೆಡ್ಡಿನಿಂದಲೇ ಹರಿಯಬೇಕು; ನನ್ನ ಟೇಪು ಅಡ್ಡ ಕೂತಿತ್ತು, ಸೆನ್ಸರ್ ಸಡಿಲವಾಗುತ್ತಾ ಬಂದಂತೆ ಆಗಾಗ ಕರೆಂಟು ತಪ್ಪಿ ಮುಳ್ಳು ಬೀಳುತ್ತಿತ್ತು.

ಟೇಪನ್ನು ಜೇಬಿಗಿಟ್ಟೆ. ಇನ್ನೂ ನೋಡಬೇಕು, ಮುಂದಿನ ಬುಧವಾರ ಬನ್ನಿ ಎಂದು ಫೋನ್ ಮಾಡಿದೆ.

ಬುಧವಾರ ಟೇಪನ್ನು ಅವಳ ಅಂಗೈಗೆ ಹಾಕಿದೆ.

"ತಪ್ಪು ನಂದು, ನಾನೇ ಸುತ್ತಿದ್ದು. ಹೋದ ವಾರಾನೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೊರಟ್ಬಿಡ್ತೀರಿ."

ಅವಳು ಟೇಪನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಕಿತ್ತಳೆ ಸುಲಿದು ಅರ್ಧ ನನ್ನ ಮುಂದೆ ಇಟ್ಟಳು.

"ಮೊದಲ್ನೇ ಸಲ ಇಲ್ಲಿಗೆ ಬರೋ ಮುಂಚೆ ಮುಳ್ಳು ನಿಜವಾಗ್ಲೂ ಬಿದ್ದಿತ್ತು. ಎರಡ್ನೇ ಸಲ, ಮೂರ್ನೇ ಸಲ ಬಿದ್ದಿರ್ಲಿಲ್ಲ, ಯೊಹೆಯ್-ಸಾನ್."

ನನ್ನ ಹೆಸರು ಅವಳ ಬಾಯಲ್ಲಿ ಅದೇ ಮೊದಲು.

ಥ್ರೆಡ್ ಒರೆಸಿ, ಟೇಪಿಲ್ಲದೆ ಸೆನ್ಸರ್ ಕೂರಿಸಿದೆ. ಅವಳು ಗುಡ್ಡ ಹತ್ತಿಳಿದು ಬಂದು, ಮುಳ್ಳು ಬೀಳಲೇ ಇಲ್ಲ ಎಂದಳು. ಸ್ಟೇರಿಂಗ್ ಹಿಡಿದು, ನನ್ನ ಕಡೆ ನೋಡದೆ, ಇನ್ನೊಂದು ಮಾತು ಹೇಳಿದಳು.

"ಆವೊಮೊರಿಯ ಮೇಸ್ತ್ರಿಗಳನ್ನ ನಾನು ನಂಬಲ್ಲ."

ಶಿಗೆನೊ ಹೊರಟದ್ದು ಮಾರನೆಯ ದಿನ, ಗುರುವಾರ. ಷಟರ್ ಪೂರ್ತಿ ಇಳಿಸಿ, ನನ್ನ ಪಾನಾಗಳ ಪೆಟ್ಟಿಗೆ ಹೊತ್ತು ನಾನು ಆವೊಮೊರಿಯ ರೈಲು ಹತ್ತಿದ್ದು ಸೋಮವಾರ.