ದಾರ ಪೋಣಿಸಿಟ್ಟ ಸೂಜಿಗಳು

"ಇವತ್ತು ಬೇಡ. ಆ ಸೂಜಿ ಕೆಳಗಿಡಿ."

ಬೆನ್ನ ಹಿಂದೆ ಮಾಸ್ಟರ್ ದನಿ ಕೇಳಿ ಕಾಜಾ ಅಕ್ಕ ಗಕ್ಕನೆ ತಿರುಗಿದಳು. ಹೊಲಿಗೆ ಅಂಗಡಿಗೆ ಇನ್ನೂ ಯಾರೂ ಬಂದಿರಲಿಲ್ಲ.

ಮಾಸ್ಟರ್ ಕೋಟು ಹೊಲಿಯುವವರು. ಅರವತ್ತು ದಾಟಿದರೂ ಕೆಲಸ ಬಿಟ್ಟಿರಲಿಲ್ಲ. ಅವಳು ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿ ತೂರುವ ಕಾಜಾ ಹೊಲಿಯುವವಳು; ಅದಕ್ಕೇ ಎಲ್ಲರಿಗೂ ಕಾಜಾ ಅಕ್ಕ. ಗಂಡ ತೀರಿಕೊಂಡ ಮೇಲೆ ಅವಳಿಗೆ ಬದುಕು ಎಂದು ಉಳಿದದ್ದು ಆ ಕುರ್ಚಿಯೊಂದೇ.

ಮಾಸ್ಟರ್ ಕಣ್ಣು ಮಂಜಾಗಿದ್ದು ಗೊತ್ತಾದಾಗಿನಿಂದ, ದಿನವೂ ಬೇಗ ಬಂದು ಅವರ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟು, ಏನೂ ಅರಿಯದವಳಂತೆ ಕೂರುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ!

"ಕೋಪ ಬಂತಾ? ಕನಿಕರದಿಂದ ಮಾಡಿದ್ದಲ್ಲ..."

"ಕೋಪ ಅಲ್ಲ. ನಿನ್ನೆ ಯಜಮಾನ್ರು ಕರೆದಿದ್ರು. ಹೋದ ವಾರ ನಾನು ಹೊಲಿದ ಕರೀ ಕೋಟು ವಾಪಸ್ ಬಂದಿದೆಯಂತೆ. ತೋಳಿಗೆಲ್ಲ ನೀಲಿ ದಾರ. ವಯಸ್ಸಾಯ್ತು, ಮನೇಲಿ ಹಾಯಾಗಿರಿ ಅಂದ್ರು."

ನೀಲಿ ದಾರ... ಕಪ್ಪು ಎಂದುಕೊಂಡು ಅದನ್ನು ಪೋಣಿಸಿಟ್ಟವಳು ಅವಳೇ.

'ಅಯ್ಯೋ... ನನ್ನ ಕಣ್ಣೂ ಹೋಯ್ತಾ? ಅವರ ಕೆಲಸ ಉಳಿಸಲು ಹೋಗಿ ನಾನೇ ಕಳೆದೆನಲ್ಲ!'

"ತಪ್ಪು ನನ್ನದು. ಈಗಲೇ ಹೋಗಿ ಹೇಳ್ತೀನಿ."

"ಹೇಳಿದ್ರೆ ನನ್ನ ಕಣ್ಣು ವಾಪಸ್ ಬರುತ್ತಾ? ನಿಮ್ಮ ಕುರ್ಚಿನೂ ಹೋಗುತ್ತೆ, ಅಷ್ಟೇ. ನಿಮ್ಮ ಹೆಸರು ನಾನು ಎತ್ತಲಿಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತು ಆಗುವುದೇನೂ ಇರಲಿಲ್ಲ.

"ಕೆಲಸ ಅಂದ್ರೆ ನಿಮಗೆ ಪ್ರಾಣ ಅಲ್ವಾ? ಅದಕ್ಕೇ ಅಷ್ಟೆಲ್ಲ ಮಾಡಿದೆ."

ಮಾಸ್ಟರ್ ತಮ್ಮ ಮೇಜನ್ನು ಮೆಲ್ಲಗೆ ಸವರಿದರು. "ಕೈ ಯಾವತ್ತೋ ದಣಿದಿತ್ತು. ಬೆಳಿಗ್ಗೆ ಬಂದ್ರೆ ನನಗೋಸ್ಕರ ಯಾರೋ ದಾರ ಪೋಣಿಸಿಟ್ಟಿರ್ತಾರೆ... ಅದಕ್ಕೆ ಬರ್ತಿದ್ದೆ. ಮನೇಲಿ ಮಾತಾಡೋಕೆ ಗೋಡೆ ಬಿಟ್ರೆ ಯಾರಿದ್ದಾರೆ?"

ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವರು ಇದನ್ನು ಹೇಳಲು ಕಡೆಯ ದಿನವೇ ಬರಬೇಕಾಯಿತು.

"ನಾಳೆಯಿಂದ ನಾನು ಯಾರಿಗೆ ಪೋಣಿಸಲಿ?"

"ಗುಂಡಿ ಕಿತ್ತುಹೋದ ಅಂಗಿಗಳು ಮನೇಲಿ ರಾಶಿ ಬಿದ್ದಿವೆ. ಕೆಲಸ ಮುಗಿಸಿ ಬರ್ತೀರಾ... ನಮ್ಮ ಮನೆಗೆ? ಇರೋಕೆ?"

ಅವಳು ಕಣ್ಣೊರೆಸಿಕೊಂಡು ಅವರನ್ನೇ ನೋಡಿದಳು. "ಇಬ್ಬರಿಗೂ ಕಣ್ಣು ಕಾಣಲ್ಲ. ಪೋಣಿಸೋರು ಯಾರು?"

"ನೀವು ಸೂಜಿ ಹಿಡ್ಕೊಳ್ಳಿ, ನಾನು ದಾರ ಹಿಡ್ಕೋತೀನಿ. ಆಗೋವರೆಗೂ ಕೂತಿರೋಣ."

"ಆಗದೇ ಇದ್ರೆ?"

"ಕೂತಿರೋಣ."