ಉಡಚಪ್ಪನ ಹಿತ್ತಲಿನ ಹೆಜ್ಜೆ

"ಕಾಲು ಎತ್ತಿದ್ದನ್ನ ಕಣ್ಣಾರೆ ಕಂಡು ಆ ಹೆಜ್ಜಿ ಮಣ್ಣು ತಗೀಬೇಕು. ಅಂದಾಜಿನ ಮ್ಯಾಲೆ ತಂದ್ಯೋ, ಹೆಜ್ಜಿ ಯಾರದೈತಿ ಅವರನ್ನ ಹಿಡೀತೈತಿ. ಅದು ಹೆಸರು ಕೇಳೂದಿಲ್ಲ."

ಮಾಟಗಾರ ಪುಂಡಲೀಕಜ್ಜ ಹೀಗೆಂದಾಗ ಕಿರಣಕುಮಾರ ನಕ್ಕುಬಿಟ್ಟ. "ಹೆಜ್ಜಿಗೂ ಆಧಾರ್ ಕಾರ್ಡ್ ಇರತೈತೇನ್ ಅಜ್ಜಾ?"

ಮುದುಕ ನಗಲಿಲ್ಲ. ಯರಗುಪ್ಪಿಯ ಹಳ್ಳದ ದಂಡೆಯಲ್ಲಿದ್ದ ಅವನ ಗುಡಿಸಲೊಳಗೆ ಹಗಲಿನಲ್ಲೂ ಕತ್ತಲೆ. ಸುಟ್ಟ ಮೆಣಸಿನಕಾಯಿ, ಒದ್ದೆ ಕಂಬಳಿ, ಹಳಸಿದ ಎಣ್ಣೆಯ ವಾಸನೆ ಗಂಟಲಿಗೆ ಅಂಟುತ್ತಿತ್ತು. ಕಿರಣ ಪದವಿ ಮುಗಿಸಿ ಹುಬ್ಬಳ್ಳಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಮಾಟವೆಂದರೆ ಅವನಿಗೆ ಹೆದರಿಕೆಯ ವ್ಯಾಪಾರ, ಅಷ್ಟೆ. ತಾನು ಮಾಟ ಮಾಡಿಸಿದ್ದೇನೆಂಬ ಸುದ್ದಿ ಊರಲ್ಲಿ ಹಬ್ಬಲಿ, ಉಡಚಪ್ಪ ಕಾಕಾ ಆ ಹೆದರಿಕೆಯಲ್ಲೇ ಸೊರಗಲಿ. ಅವನಿಗೆ ಬೇಕಾದದ್ದು ಇಷ್ಟೇ.

ತಿಂಗಳ ಹಿಂದೆ ಅಪ್ಪ ತೀರಿಕೊಂಡಿದ್ದ. ಏಸುವಿನ ದಾರಿ ಹಿಡಿದವರಿಗೆ ಓಣಿಯ ಸುಡುಗಾಡಿನಲ್ಲಿ ಜಾಗವಿಲ್ಲವೆಂದು ಅಡ್ಡ ನಿಂತವನು ಅಪ್ಪನ ಒಡಹುಟ್ಟಿದ ತಮ್ಮ ಉಡಚಪ್ಪನೇ. ಎರಡು ದಿನ ಹೆಣ ಪಡಸಾಲೆಯಲ್ಲಿತ್ತು. ಊದುಬತ್ತಿಯ ಹೊಗೆ ಮುಚ್ಚಲಾರದ ಆ ವಾಸನೆ ಕಿರಣನ ಮೂಗಿನಿಂದ ಇನ್ನೂ ಹೋಗಿರಲಿಲ್ಲ. ಕೊನೆಗೆ ತಮ್ಮ ಹೊಲದ ಬದುವಿನಲ್ಲೇ ಹೂಳಿದರು. ಅವ್ವ ದುರಗವ್ವ ಅತ್ತಳು. ಹಿಡಿ ಮಣ್ಣು ತೂರಿ ಶಪಿಸಲಿಲ್ಲ.

"ಸೇಡು ಕರ್ತನ ಕೈಯಾಗ ಬಿಡೋ ತಮ್ಮಾ. ಅಂವ ಅಳದು ಕೊಡ್ತಾನ. ನಮಗ ಅಳತಿ ಮಾಡಾಕ ಬರೂದಿಲ್ಲ."

"ನಿನ್ನ ಕರ್ತ ಆ ಎರಡು ದಿನಾ ಎಲ್ಲಿಗೆ ಹೋಗಿದ್ದ ಬೇ?"

ಅವ್ವ ಒಲೆಯ ಕಡೆ ತಿರುಗಿ ಅಂಬಲಿ ಕಲಕತೊಡಗಿದಳು. ಅದು ಅವನಿಗೆ ಸೋಲಿನಂತೆ ಕಂಡಿತ್ತು.

ಪುಂಡಲೀಕನನ್ನು ಕಂಡು ಬಂದ ಮರುದಿನ ಬೆಳಗಾಗುವಷ್ಟರಲ್ಲಿ ಮಳೆ ನಿಂತಿತ್ತು. ಎರೆ ಮಣ್ಣು ತೊಯ್ದರೆ ಚಪ್ಪಲಿಗೆ ಮೆತ್ತಿ ಮಣಭಾರವಾಗುತ್ತದೆ. ಊರಿಗೆ ಊರೇ ಬರಿಗಾಲಲ್ಲಿ ನಡೆಯುವ ದಿನಗಳು. ಉಡಚಪ್ಪನ ಹಿತ್ತಲ ಬಾಗಿಲಿನ ಮುಂದೆ ಬಂದು ಹೋದ ಹೆಜ್ಜೆಗಳಿದ್ದವು, ಬೆರಳು ಎಣಿಸುವಷ್ಟು ಸ್ಪಷ್ಟ. ಕಾಕಾ ಒಬ್ಬನೇ ಇರುವ ಮನೆ. ಮತ್ತಾರದಿರಬೇಕು? ಕಿರಣ ಒಂದು ಹೆಜ್ಜೆಯನ್ನು ಬೆರಳಿನಿಂದಲೇ ಬಗೆದು ತಂದ. ಪುಂಡಲೀಕ ಅದಕ್ಕೆ ಉಪ್ಪು, ಮೆಣಸಿನಕಾಯಿ ಬೆರೆಸಿ, ಕರಿ ಅರಿವೆಯಲ್ಲಿ ಕಟ್ಟಿ, ಉರಿಯುವ ಒಲೆಯ ಮೇಲೆ ತೂಗುಹಾಕಿದ.

"ಮಣ್ಣು ಒಣಗಿದಂಗ ಮನಷ್ಯಾ ಒಣಗ್ತಾನ."

"ಒಣಗಲಿ," ಎಂದ ಕಿರಣ.

ಮಧ್ಯಾಹ್ನ ಇಳಿದ ಮೇಲೆ ಮನೆಗೆ ಬಂದರೆ ಅವ್ವ ಗೋಡೆಗೆ ಒರಗಿ ಕೂತಿದ್ದಳು.

"ಬಾಯಿ ಒಣಗಾಕತ್ತೈತೋ."

ತಂಬಿಗೆ ಕೊಟ್ಟ. ನೀರು ಗಂಟಲಿಳಿಯಲಿಲ್ಲ, ಕಟಬಾಯಿಂದ ಹಾಗೇ ಹೊರಗೆ ಬಂತು. ಮತ್ತೊಂದು ತಂಬಿಗೆ. ಅದೂ ಹಾಗೇ. ನಾಲಿಗೆ ಕಪ್ಪಿಟ್ಟಿತ್ತು. ಪಾದ ನೋಡಿದ. ಬೇಸಿಗೆಯ ಹೊಲದಂತೆ ಬಿರಿದಿದ್ದವು. ಬಿರುಕಿನಲ್ಲಿ ರಕ್ತವಿರಲಿಲ್ಲ. ತಳ ಕಾಣದ ಒಣ ಕಪ್ಪು. ಕಿವಿಗೊಟ್ಟರೆ ಸಣ್ಣಗೆ ಚಟ್, ಚಟ್. ಆಂಬುಲೆನ್ಸಿಗೆ ಫೋನ್ ಮಾಡಿದ. ಕುಂದಗೋಳ ಬಿಟ್ಟು ಬಂದ ಗಾಡಿ ದಾರಿಯ ಕೆಸರಲ್ಲಿ ಹೂತು ನಿಂತಿತು.

ಆಗ ಹೊಸ್ತಿಲಲ್ಲಿ ಏನೋ ತೆವಳಿದ ಸದ್ದು. ಉಡಚಪ್ಪ. ಜ್ವರಕ್ಕೆ ಕೈಕಾಲಿನ ಕೀಲೆಲ್ಲ ಬಾತಿದ್ದವು. ಅಂಬೆಗಾಲಿಟ್ಟು ಬಂದಿದ್ದ.

"ಅತ್ತಿಗೆವ್ವ ಮಧ್ಯಾಹ್ನ ಯಾಕ ಬರಲಿಲ್ಲೋ? ನಾಕ ದಿನಾತು, ನನಗ ನೆಲಕ್ಕ ಕಾಲೂರಾಕ ಬರವಲ್ದು. ಆಕೀನ ನಸುಕಿಗೊಮ್ಮೆ, ಮಧ್ಯಾಹ್ನಕ್ಕೊಮ್ಮೆ ಬಂದು ಅಂಬಲಿ ಕುಡಿಸಿ ಹೋಗ್ತಿದ್ಲು. ನಿನ್ನ ಮುಂದ ಹೇಳಬ್ಯಾಡ ಅಂದಿದ್ಲು."

ಕಿರಣ ಓಡಿದ. ಗುಡಿಸಲು. ಗಂಟು. ಕಿತ್ತು ಬಿಚ್ಚಿದ. ಕೊಡದ ನೀರು ಸುರಿದ. ಮಣ್ಣು ಒಂದು ಹನಿಯನ್ನೂ ಹೀರಲಿಲ್ಲ.

"ಬಿಚ್ಚಾಕ ಬರೂದಿಲ್ಲ," ಎಂದ ಪುಂಡಲೀಕ, ಅವನ ಮುಖ ನೋಡದೆ. "ಹೊಳ್ಳಿಸಿ ಬ್ಯಾರೇದವರ ಮ್ಯಾಲೆ ಹಾಕಾಕ ಬರತೈತಿ. ಹೊತ್ತು ಮುಳುಗೂದ್ರಾಗ ಉಡಚಪ್ಪನ ಒಂದು ಕೂದಲಾ ತಾ. ಇದು ಅವನ ಮ್ಯಾಲೆ ಹೋಗತೈತಿ. ಆಕಿ ಉಳೀತಾಳ."

ಮತ್ತೆ ಮನೆ. ಕಾಕಾ ಅವ್ವನ ಕಾಲ ಬಳಿ ಕೂತು ಒದ್ದೆ ಬಟ್ಟೆಯಿಂದ ಬಿರುಕುಗಳನ್ನು ಒತ್ತುತ್ತಿದ್ದ. ಬಾಗಿದ ನರೆತ ತಲೆ. ಭುಜದ ಮೇಲೊಂದು ಕೂದಲು ಉದುರಿ ಬಿದ್ದಿತ್ತು. ಕೀಳುವ ಕಷ್ಟವೂ ಇಲ್ಲ. ಕಿರಣ ಹಿಂದಿನಿಂದ ಬಾಗಿ ಎತ್ತಿಕೊಂಡ.

ಅವ್ವ ನೋಡಿದಳು. ಅವನ ಉಗುರಿನ ಸಂದಿಯ ಮಣ್ಣು, ಬೆರಳಲ್ಲಿ ಹಿಡಿದ ಕೂದಲು. ಈ ಊರಲ್ಲಿ ಬಾಳಿದವಳಿಗೆ ಅಷ್ಟು ಸಾಕಿತ್ತು. ತಲೆ ಅಲ್ಲಾಡಿಸಿದಳು. ಮತ್ತೊಮ್ಮೆ, ಕೊರಳು ಚಟ್ಟೆನ್ನುವಷ್ಟು. ದನಿ ಇರಲಿಲ್ಲ. ತುಟಿ ಮಾತ್ರ "ಬಿಡು" ಎಂದಿತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಓಡಿದರೆ ಹತ್ತು ನಿಮಿಷದ ದಾರಿ. ಅವಳು ಕಣ್ಣು ಕೀಳಲಿಲ್ಲ. ಅವನ ಬೆರಳು ಸಡಿಲಾಯಿತು. ಕೂದಲು ಎಲ್ಲಿ ಬಿತ್ತೋ ಕಾಣಲಿಲ್ಲ.

ಬಿರುಕು ಮೊಣಕಾಲು ದಾಟಿ ಸೀರೆಯೊಳಗೆ ಹೋಯಿತು.

"ಓದಿದಾಂವ ಅದೀಯಲ್ಲೋ ಕಿರಣಾ," ಕಾಕಾ ಅವನ ಕಾಲು ಹಿಡಿದ. ಕಾಕಾನಿಗೆ ಏನೂ ತಿಳಿದಿರಲಿಲ್ಲ. "ಏನರ ಮಾಡೋ ತಮ್ಮಾ. ಯಾರ ಕಣ್ಣು ಬಿತ್ತೋ ನನ್ನ ತಾಯಿಯಂಥಾಕಿಗೆ. ಅವರನ್ನ ದೇವರು ನೋಡಿಕೊಳ್ಳಲಿ."

ಕಿರಣ ಮೊಣಕಾಲೂರಿದ. ಅಪ್ಪನ ಹೆಣದ ಮುಂದೆಯೂ ಪ್ರಾರ್ಥನೆಗೆ ತೆರೆಯದ ಬಾಯಿ ಈಗ ತೆರೆಯಿತು.

"ನ್ಯಾಯ ಬ್ಯಾಡ ಕರ್ತಾ. ನ್ಯಾಯ ಬ್ಯಾಡ."